ಚಳಿನಾಡಿನ ಗೆಡ್ಡೆಗಳನ್ನು ದಾವಣಗೆರೆಗೆ ತರಿಸುವ ಮುನ್ನ

ಹೋಸ್ಟಾ, ಪಿಯೋನಿ, ಅಸ್ಟಿಲ್ಬೆ ಎಂಬ ಬಹುವಾರ್ಷಿಕ ಗಿಡಗಳ ಗೆಡ್ಡೆಗಳನ್ನು ಆನ್‌ಲೈನ್‌ನಲ್ಲಿ ತರಿಸಬೇಕೆಂದಿರುವ ದಾವಣಗೆರೆ, ಚಿತ್ರದುರ್ಗದ ಕಡೆಯವರು ದಯವಿಟ್ಟು ಇದನ್ನು ಓದಿದ ಮೇಲೆ ಹಣ ಕಟ್ಟಿ. 3,840 ರೂಪಾಯಿ ಕೊಟ್ಟು, ಎರಡು ವರ್ಷ ನೀರೆರೆದು, ನಾನು ಒಂದೇ ಒಂದು ಹೂವನ್ನೂ ಕಾಣಲಿಲ್ಲ.

ನನ್ನ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದಾಗ, ಅವಳ ಮನೆಯ ಉತ್ತರದ ಗೋಡೆಗುಂಟ ಅಂಗೈಗಿಂತ ಅಗಲವಾದ ಎಲೆಯ ಹೋಸ್ಟಾಗಳನ್ನೂ, ಮುಂದಿನ ಬಿಸಿಲಿನಲ್ಲಿ ತಮ್ಮ ಭಾರಕ್ಕೆ ತಾವೇ ಬಾಗಿದ್ದ ಪಿಯೋನಿ ಹೂಗಳನ್ನೂ ಕಂಡು ಮನಸೋತೆ. ಅವಳು ಎರಡು ಗೆಡ್ಡೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇನೆಂದಾಗ ಬೇಡವೆಂದೆ. ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಜೀವಂತ ಗೆಡ್ಡೆಗಳನ್ನು ದೇಶದೊಳಗೆ ತರುವಂತಿಲ್ಲ. ಊರಿಗೆ ಮರಳಿದ ಮೇಲೆ ಅವೇ ಗಿಡಗಳನ್ನು ಮಾರುವವರೊಬ್ಬರು ಆನ್‌ಲೈನ್‌ನಲ್ಲಿ ಸಿಕ್ಕರು. 'ಒಮ್ಮೆ ನೆಟ್ಟರೆ ವರ್ಷ ವರ್ಷವೂ ಹೂ' ಎಂದು ಬರೆದಿದ್ದರು. ಹೋಸ್ಟಾ ನಾಲ್ಕು, ಪಿಯೋನಿ ಎರಡು, ಅಸ್ಟಿಲ್ಬೆ ಮೂರು ತರಿಸಿದೆ.

ಚೀಟಿಯ ಮೇಲೆ 'ವಲಯ 3ರಿಂದ 8' ಎಂದಿತ್ತು. ಅವು ಒಂದೊಂದು ಊರಿನಲ್ಲಿ ವರ್ಷದ ಅತಿ ಚಳಿಯ ರಾತ್ರಿ ತಾಪಮಾನ ಸರಾಸರಿ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಹಿಡಿದು ಅಮೆರಿಕದ ಕೃಷಿ ಇಲಾಖೆ ಮಾಡಿದ ವಲಯಗಳು. ಮೂರನೆಯ ವಲಯವೆಂದರೆ ಸೊನ್ನೆಗಿಂತ 35–40 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ನಾಡು. ಅಂಥ ಚಳಿಯನ್ನೇ ತಡೆದ ಗಿಡ ನಮ್ಮಲ್ಲಿ ಏಕೆ ಬದುಕಲಾರದು ಎಂದುಕೊಂಡೆ. ನಾನು ಗಮನಿಸಬೇಕಾಗಿದ್ದದ್ದು ಕೊನೆಯ ಅಂಕಿಯನ್ನು. ಎಂಟರಾಚೆಗಿನ ಬೆಚ್ಚಗಿನ ಊರುಗಳಲ್ಲಿ ಈ ಗಿಡಗಳು ನಿಲ್ಲುವುದಿಲ್ಲ, ನಮ್ಮ ಊರು ಅದೇ ಲೆಕ್ಕದಲ್ಲಿ 11–12ರ ಆಸುಪಾಸಿಗೆ ಬರುತ್ತದೆ. ಪಿಯೋನಿ ಮೊಗ್ಗು ಬಿಡಬೇಕಾದರೆ, ಹೋಸ್ಟಾ ಬಲವಾಗಿ ಚಿಗುರಬೇಕಾದರೆ, ಅವುಗಳ ಬೇರು ಹಲವು ವಾರ ಸುಮಾರು 4–5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನಿದ್ದೆ ಮಾಡಲೇಬೇಕು. ದಾವಣಗೆರೆಯಲ್ಲಿ ಜನವರಿಯ ರಾತ್ರಿಯೂ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ.

ಎರಡನೆಯ ತಪ್ಪು ನೆರಳಿನದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಿನಿಯಾಪೊಲಿಸ್ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುವುದರಿಂದ ಉತ್ತರದ ಗೋಡೆಯ ಬುಡ ಆ ಹೊತ್ತಿನಲ್ಲಿ ಯಾವಾಗಲೂ ನೆರಳು. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ನಡುವಿನವರೆಗೂ ಮಧ್ಯಾಹ್ನದಲ್ಲಿ ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ, ಡಿಸೆಂಬರ್‌ನಲ್ಲಿ ತಣ್ಣಗಿದೆಯೆಂದು ನಾನು ಹೋಸ್ಟಾ ನೆಟ್ಟಿದ್ದ ನಮ್ಮ ಮನೆಯ ಉತ್ತರದ ಗೋಡೆಗುಂಟ, ಮೇ ತಿಂಗಳ ಸುಡುಬಿಸಿಲು ನೇರವಾಗಿ ಬಿತ್ತು. ಎಲೆಯ ಅಂಚು ಮೊದಲು ಕಂದಾಗಿ, ವಾರದೊಳಗೆ ಕೈಯಲ್ಲಿ ಹಿಡಿದರೆ ಹಪ್ಪಳದಂತೆ ಮುರಿಯತೊಡಗಿತು.

ಅಸ್ಟಿಲ್ಬೆ ಮೊಳೆಯಲೇ ಇಲ್ಲ. ಪಿಯೋನಿಯೊಂದು ಗೇಣುದ್ದ ಕೆಂಪು ಚಿಗುರು ತೋರಿಸಿ ಕಪ್ಪಾಯಿತು. ಎರಡನೆಯ ಮಳೆಗಾಲದಲ್ಲಿ, ನೀರು ನಿಂತಿದ್ದ ಎರೆಮಣ್ಣನ್ನು ಕೈಯಿಂದಲೇ ಬಗೆದು ನೋಡಿದೆ: ಗೆಡ್ಡೆ ಬೆಂದ ಕೆಸುವಿನಂತೆ ಬೆರಳ ನಡುವೆ ಜಾರಿ, ಹುಳಿತ ವಾಸನೆ ಬಂತು. ಬದಿಗೆ ನಿಂತಿದ್ದ ನೆರೆಮನೆಯ ಅಜ್ಜಿ, "ತವರಿನ ಚಳಿ ಬೇಡಿದ ಗಿಡ ಕಣವ್ವಾ, ನಿನ್ನ ತಪ್ಪೇನಿಲ್ಲ ಬಿಡು" ಎಂದರು. ಮಾರಿದವರಿಗೆ ಫೋಟೋ ಕಳಿಸಿದರೆ, ಚಿಗುರಿದ ಮೇಲೆ ತಮ್ಮ ಹೊಣೆಯಿಲ್ಲ ಎಂಬ ಒಂದು ಸಾಲು ಬಂತು; ಆಮೇಲೆ ಉತ್ತರವೇ ಇಲ್ಲ. ಪಿನ್‌ಕೋಡ್ ನೋಡಿಯೇ ಗೆಡ್ಡೆ ಕಳಿಸಿದವರು ಈ ಊರಿನ ಸೆಕೆಗೆ ಇದು ಬಾರದೆಂದು ಒಂದು ಮಾತು ಹೇಳಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ.

ಇಂಥ ಆನ್‌ಲೈನ್ ಅಂಗಡಿಗಳಲ್ಲಿ 'ನೀಲಿ ಹೋಸ್ಟಾ' ಬೀಜವನ್ನೂ ಮಾರುತ್ತಾರೆ. ಹೋಸ್ಟಾದ ನೀಲಿ ಎಂದರೆ ಹಸಿರೆಲೆಯ ಮೇಲಿನ ಮೇಣದ ಪೊರೆ; ಬಿಸಿಲು ಸೆಕೆಗೆ ಅದು ಅಳಿದುಹೋಗುತ್ತದೆ, ಅಲ್ಲದೆ ಬೀಜದಿಂದ ತಾಯಿಗಿಡದ ಗುಣವೇ ಬರುವ ಖಾತರಿಯಿಲ್ಲ. ಕಾಮನಬಿಲ್ಲಿನ ಬಣ್ಣದ ಎಲೆಯ ಚಿತ್ರ ಕಂಡರೆ ಅದು ಕಂಪ್ಯೂಟರಿನಲ್ಲಿ ತಿದ್ದಿದ್ದು ಎಂದೇ ತಿಳಿಯಿರಿ.

ಕೊಳ್ಳುವ ಮುನ್ನ ಗಿಡಕ್ಕೆ ಚಳಿಯ ನಿದ್ದೆ ಬೇಕೇ ಎಂದು ಕೇಳಿ, ಬೇಕೆಂದರೆ ಅಲ್ಲಿಗೇ ಬಿಟ್ಟುಬಿಡಿ. ಊರಿನ ನರ್ಸರಿಯಲ್ಲಿ ಒಂದು ಬೇಸಿಗೆ ಕಳೆದ ಕುಂಡದ ಗಿಡವನ್ನೇ ಆರಿಸಿ. ನೆಡುವ ಜಾಗವನ್ನು ಡಿಸೆಂಬರ್ ಒಂದರಲ್ಲೇ ನೋಡಿ ನಿರ್ಧರಿಸಬೇಡಿ. ಮೇ ತಿಂಗಳಲ್ಲೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಳ್ಳಿ. ಪೂರ್ಣ ಬಿಸಿಲಿಗೆ ದಾಸವಾಳ, ಕಣಗಿಲೆ, ನಿತ್ಯಪುಷ್ಪ ನಮ್ಮಲ್ಲಿ ವರ್ಷಾನುಗಟ್ಟಲೆ ನಿಲ್ಲುತ್ತವೆ. ಮರದಡಿಯ ಅರೆನೆರಳಿಗೆ ಕನಕಾಂಬರ, ದೊಡ್ಡಪತ್ರೆ ಒಗ್ಗುತ್ತವೆ. ದಟ್ಟ ನೆರಳಿದ್ದರೆ ಸ್ನೇಕ್ ಪ್ಲಾಂಟ್ ಸಾಕು.

ಹೋಸ್ಟಾ ಸತ್ತ ಪಾತಿಗೆ ನಾನು ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಲವನ್ನು ಅರ್ಧ ಅಡಿ ಎತ್ತರಿಸಿ, ಅಜ್ಜಿ ಕೊಟ್ಟ ಕನಕಾಂಬರದ ಸಸಿಗಳನ್ನು ನೆಟ್ಟಿದ್ದೇನೆ. ಮೇ ತಿಂಗಳ ಮಧ್ಯಾಹ್ನ ಮಾತ್ರ ಅವಕ್ಕೆ ಹಳೆಯ ಸೀರೆಯೊಂದನ್ನು ಚಪ್ಪರದಂತೆ ಕಟ್ಟುತ್ತೇನೆ.