“ಡಿಸ್ಕ್ ಸತ್ತಿದೆ ಮೇಡಂ” ಅಂದರೆ ತಕ್ಷಣ ದುಡ್ಡು ತೆಗೆಯಬೇಡಿ

ವಿಂಡೋಸ್ ಹಾಕುವಾಗ ಡಿಸ್ಕ್ ಕಾಣಿಸಲಿಲ್ಲ ಅಂತ ಯಾರೂ ಸೀದಾ ಅಂಗಡಿಗೆ ಓಡಬೇಡಿ. ಓಡಿದರೂ ಹೊಸ ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಡಿಸ್ಕ್) ಮಾತ್ರ ತಗೋಬೇಡಿ. ನನಗೆ ಐದು ಸಾವಿರ ಪಂಗನಾಮ ಹಾಕಿದ್ದಾರೆ. ಇನ್ನೂ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಇಂಟೆಲ್ 11ನೇ ಜನರೇಷನ್ ಐ5 ಲ್ಯಾಪ್‌ಟಾಪ್, 512 ಜಿಬಿ ಎಸ್‌ಎಸ್‌ಡಿ. ಕೆಟ್ಟಿರಲಿಲ್ಲ, ನಿಧಾನ ಆಗಿತ್ತು ಅಷ್ಟೇ. ಸಿ ಡ್ರೈವ್ ಅಳಿಸಿ ಹೊಸದಾಗಿ ವಿಂಡೋಸ್ 11 ಹಾಕೋಣ ಅಂತ ಪೆನ್‌ಡ್ರೈವ್ ರೆಡಿ ಮಾಡಿಕೊಂಡೆ. ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು, ಮಗಳ ಫೋಟೊಗಳು ಎಲ್ಲ ಡಿ ಡ್ರೈವ್‌ನಲ್ಲಿದ್ದವು. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪರದೆ ಬಂತು ನೋಡಿ, ಪಟ್ಟಿ ಖಾಲಿ! ಸಿ ಇಲ್ಲ, ಡಿ ಇಲ್ಲ, ಏನೂ ಇಲ್ಲ. ಡ್ರೈವ್ ಸಿಗಲಿಲ್ಲ, ಡ್ರೈವರ್ (ಡಿಸ್ಕ್ ಗುರುತಿಸಲು ವಿಂಡೋಸ್‌ಗೆ ಬೇಕಾದ ಸಣ್ಣ ಸಾಫ್ಟ್‌ವೇರ್) ಬೇಕಿದ್ದರೆ ‘ಲೋಡ್ ಡ್ರೈವರ್’ ಒತ್ತಿ ಅಂತ ಒಂದು ಸಾಲು. ಒತ್ತಿದರೆ ಯಾವ ಡ್ರೈವರ್, ಎಲ್ಲಿಂದ ತರೋದು? ಎದೆ ಧಸಕ್ ಅಂತು. ದಾವಣಗೆರೆಯಲ್ಲಿ ನಮಗೆ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಲ್ಲಿ ಆತ ಮಾಡಿದ್ದನ್ನು ಸರಿಯಾಗಿ ಓದಿ. ಮೊದಲು ಅದೇ ಖಾಲಿ ಪಟ್ಟಿ ನೋಡಿದ. “ಅಯ್ಯೋ” ಅಂದ. ಆಮೇಲೆ ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಗೆ, ಹೋಗಿ ಪಟಪಟ ಅಂತ ಏನೋ ಬದಲಾಯಿಸಿದ, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದ. ನೀಲಿ ಪರದೆ ಬಂತು. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಅದರಲ್ಲಿ ಬರೆದಿತ್ತು. ಪರದೆಯನ್ನು ನನ್ನ ಕಡೆ ತಿರುಗಿಸಿ, “ನೋಡಿ ಮೇಡಂ, ನಾನು ಹೇಳ್ತಿಲ್ಲ, ಅದೇ ಹೇಳ್ತಿದೆ. ಡಿಸ್ಕ್ ಸತ್ತಿದೆ” ಅಂದ.

“ಬೆಳಿಗ್ಗೆ ತಾನೆ ಓಡುತ್ತಿತ್ತಲ್ಲ?” ಅಂದೆ.

“ಎಸ್‌ಎಸ್‌ಡಿ ಹಾಗೇ ಮೇಡಂ. ಹಾರ್ಡ್ ಡಿಸ್ಕ್ ಆದ್ರೆ ಟಕ್ ಟಕ್ ಅಂತ ಸದ್ದು ಮಾಡ್ತದೆ. ಇದು ಹೇಳದೇ ಕೇಳದೇ ಹೋಗ್ತದೆ.”

ಹೊಸ ಎಸ್‌ಎಸ್‌ಡಿಗೆ 4,200, ವಿಂಡೋಸ್ ಹಾಕೋಕೆ 800. ಡೇಟಾ ಬೇಕು ಅಂದರೆ ಬೆಂಗಳೂರಿಗೆ ಕಳಿಸಬೇಕಂತೆ, 12 ಸಾವಿರದಿಂದ ಶುರುವಂತೆ! ಹಳೇದನ್ನು ಅಲ್ಲೇ ಬಿಟ್ಟರೆ 500 ಕಡಿಮೆ ಮಾಡುತ್ತೇನೆ ಅಂದ. ಸತ್ತ ಡಿಸ್ಕ್‌ಗೆ 500 ಯಾಕಪ್ಪಾ ಕೊಡ್ತಾನೆ ಇವನು? ಆಗ ಇದು ಹೊಳೆಯಲಿಲ್ಲ. ಮಗಳ ಫೋಟೊ ಇದೆಯಲ್ಲ ಅಂತ ಹಳೇದನ್ನು ಚೀಲಕ್ಕೆ ಹಾಕಿಕೊಂಡು ಬಂದೆ, ಬಚಾವಾದೆ.

ನನ್ನ ತಂಗಿ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಮನೆಗೆ ಬಂದಿದ್ದ. ಆ ಡಿಸ್ಕನ್ನು ಒಂದು ಯುಎಸ್‌ಬಿ ಕೇಸ್‌ಗೆ ಹಾಕಿ ತನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿದ. ಟಿಣ್ ಅಂತ ಸದ್ದಾಯಿತು. ಎರಡು ಡ್ರೈವ್ ಬಂದವು, ಎರಡರ ಮೇಲೂ ಬೀಗದ ಚಿತ್ರ. ಒತ್ತಿದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಕೀ ಕೊಡಿ, 48 ಅಂಕಿಯದ್ದು ಅಂತ ಕೇಳಿತು. ಅವನು ನನ್ನ ಮುಖ ನೋಡಿ, “ದೊಡ್ಡಮ್ಮ, ಸತ್ತ ಡಿಸ್ಕ್ ಎಲ್ಲಾದರೂ ಕೀ ಕೇಳುತ್ತಾ?” ಅಂದ.

ಅವನ ಮುಂದೆ ತಲೆ ಎತ್ತಲಾಗಲಿಲ್ಲ. ಇಪ್ಪತ್ತು ವರ್ಷದಿಂದ ಗಣಿತ ಪಾಠ ಮಾಡುವವಳು ನಾನು!

ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲೇ ಇತ್ತು. ಹಾಕಿದರೆ ಎಲ್ಲಾ ಫೈಲು, ಎಲ್ಲಾ ಫೋಟೊ ಹಾಗೇ ಇವೆ. ಕ್ರಿಸ್ಟಲ್ ಡಿಸ್ಕ್ ಇನ್‌ಫೊ ಓಡಿಸಿದರೆ ಡಿಸ್ಕ್ ಆರೋಗ್ಯ ‘ಗುಡ್’. ಆಮೇಲೆ ಅದನ್ನು ನನ್ನ ಲ್ಯಾಪ್‌ಟಾಪ್‌ಗೇ ವಾಪಸ್ ಹಾಕಿ, ಬಯೋಸ್‌ನಲ್ಲಿ ವಿಎಂಡಿ ಅನ್ನೋ, ಎಸ್‌ಎಸ್‌ಡಿ ನಿಭಾಯಿಸುವ ಇಂಟೆಲ್ ಸೆಟ್ಟಿಂಗನ್ನು ಮತ್ತೆ ಆನ್ ಮಾಡಿದ. ಹಳೇ ವಿಂಡೋಸ್ ಜುಮ್ಮಂತ ಎದ್ದಿತು.

ಅಂಗಡಿಯವನು ಮಾಡಿದ್ದು ಇಷ್ಟೇ, ವಿಎಂಡಿ ಆಫ್. ಇಂಟೆಲ್ 11ನೇ ಜನರೇಷನ್‌ನಿಂದ ಈಚೆಗೆ ಬಂದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಈ ವಿಎಂಡಿ ಹಿಂದೆ ಕೂತಿರುತ್ತದೆ. ಅದರ ಡ್ರೈವರ್ ಎಷ್ಟೋ ಸಲ ವಿಂಡೋಸ್ ಪೆನ್‌ಡ್ರೈವ್‌ನಲ್ಲಿ ಇರುವುದಿಲ್ಲ, ಹಾಗಾಗಿ ಪಟ್ಟಿ ಖಾಲಿ. ಅದು ಆನ್ ಇದ್ದಾಗ ಹಾಕಿದ ವಿಂಡೋಸ್, ಆಫ್ ಮಾಡಿದರೆ ನೀಲಿ ಪರದೆ ತೋರಿಸುತ್ತದೆ. ಬೀಗದ ಕೈ ಇಲ್ಲ ಅಂತ ಮನೆಯೇ ಬಿದ್ದುಹೋಗಿದೆ ಅಂದ ಹಾಗಾಯಿತು. ಇದೇನು ಹೊಸ ಸಮಸ್ಯೆಯೂ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದೆವು ಅಂತ ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಹೇಳಿದರು. ದಿನಾ ಇದೇ ಕೆಲಸ ಮಾಡುವವನಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ. ಖಂಡಿತ ನಂಬಲ್ಲ.

ಫೋನ್ ಮಾಡಿದೆ. “ನಮ್ಮ ಹತ್ರ ಬಂದಾಗ ಸತ್ತಿತ್ತು. ನಿಮ್ಮ ಮನೇಲಿ ಹೇಗೆ ಬದುಕ್ತೋ ನಮಗೇನು ಗೊತ್ತು?” ಅಂದ. ಓಡುತ್ತಿರುವ ವಿಡಿಯೊ ಕಳಿಸಿದೆ. “ಈಗ ಕಾಣ್ತದೆ ಮೇಡಂ, ಜಾಸ್ತಿ ದಿನ ಬರಲ್ಲ. ನಿಮ್ಮ ಒಳ್ಳೇದಕ್ಕೇ ಹೇಳಿದ್ದು.” ವಿಎಂಡಿ ಯಾಕೆ ಆಫ್ ಮಾಡಿದ್ರಿ ಅಂತ ಕೇಳಿದೆ. “ಅದೆಲ್ಲ ಟೆಕ್ನಿಕಲ್, ನಿಮಗೆ ಅರ್ಥ ಆಗಲ್ಲ.” ಅರ್ಥ ಆಗಿದ್ದಕ್ಕೇ ಅಲ್ವೇನ್ರೀ ಕೇಳ್ತಿರೋದು! ಕೊನೆಗೆ, “ಸೀಲ್ ಒಡೆದ ಐಟಂ ವಾಪಸ್ ತಗೊಳ್ಳಲ್ಲ” ಅಂತ ಒಂದು ಮೆಸೇಜ್. ಆಮೇಲೆ ಫೋನೇ ಎತ್ತುತ್ತಿಲ್ಲ.

ನಿಮಗೂ ಹೀಗಾದರೆ ಮೊದಲು ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ. ಹಳೇ ವಿಂಡೋಸ್ ಎದ್ದರೆ ಡಿಸ್ಕ್ ಬದುಕಿದೆ, ಮುಗೀತು. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾಡೆಲ್‌ಗೆ ಕೊಟ್ಟಿರುವ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ವಿಎಂಡಿಗೆ ಬೇಕಾದದ್ದು ಇದೇ) ಇಳಿಸಿಕೊಳ್ಳಿ. ಇಳಿಸಿದ ಇಎಕ್ಸ್‌ಇ ಫೈಲನ್ನು ಹಾಗೇ ಹಾಕಿದರೆ ಆಗಲ್ಲ, ಬಿಚ್ಚಿ ಒಳಗಿನ ಐಎನ್‌ಎಫ್ ಫೈಲು ಇರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ. ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸಿದರೆ ಡಿಸ್ಕ್ ಬರುತ್ತದೆ. ಬಿಟ್‌ಲಾಕರ್ ಕೀ ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಕಣ್ಣೆದುರು ಯಾರಾದರೂ ಬಯೋಸ್‌ಗೆ ಹೋದರೆ ಏನು ಬದಲಾಯಿಸಿದ್ರಿ ಅಂತ ಕೇಳಿ. ನಾಚಿಕೆ ಪಡಬೇಡಿ.

ಬಿಲ್ ಕೂಡ ಕೇಳಿ. ನಾನು ಕೇಳಿದ್ದಕ್ಕೆ, “ಜಿಎಸ್‌ಟಿ ಬಿಲ್ ಆದರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ ಮೇಡಂ” ಅಂತ ಎಸ್ಟಿಮೇಟ್ ಚೀಟಿ ಹರಿದುಕೊಟ್ಟ. ಅದರಲ್ಲಿ ಸೀರಿಯಲ್ ನಂಬರ್ ಇಲ್ಲ, ಸಹಿ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಈಗ ಆ ಚೀಟಿ, ಅವನ ಮೆಸೇಜುಗಳು, ವಿಡಿಯೊ ಇಟ್ಟುಕೊಂಡೇ ದೂರು ಕೊಡುತ್ತಿದ್ದೇನೆ.