ಲಾಗಿನ್ ಆಗದಿದ್ದಾಗ ಪರದೆ ಏನು ಹೇಳಬೇಕು? ಮೂರು ಸಂದೇಶಗಳ ಹೋಲಿಕೆ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರ ಸಂಘವೊಂದರ ಜಾಲತಾಣ ನೋಡಿಕೊಳ್ಳುವುದು ನನ್ನ ಕೆಲಸ. ಸದಸ್ಯ ಸಂಖ್ಯೆ, ಪಾಸ್‌ವರ್ಡ್ ಕೊಟ್ಟರೆ ಗೊಬ್ಬರದ ಲೆಕ್ಕ, ಸಾಲದ ಬಾಕಿ ಕಾಣುತ್ತದೆ. ಒಳಗೆ ಬಿಡದಿದ್ದಾಗ ಏನು ಹೇಳಬೇಕೆಂಬುದಕ್ಕೆ ಮೂರು ಬಗೆಯನ್ನು ಬಳಸಿ ನೋಡಿದ್ದೇನೆ.

ಮೊದಲನೆಯದು ಬಿಡಿಸಿ ಹೇಳುವುದು: ‘ಈ ಸಂಖ್ಯೆಯ ಸದಸ್ಯರಿಲ್ಲ’, ‘ಪಾಸ್‌ವರ್ಡ್ ತಪ್ಪು’, ‘ಬಾಕಿ ಇರುವುದರಿಂದ ಖಾತೆ ತಡೆಹಿಡಿಯಲಾಗಿದೆ’. ಬೆಳೆಗಾರರಿಗೆ ಇದೇ ಇಷ್ಟ. ಆದರೆ ನಮ್ಮ ಸದಸ್ಯ ಸಂಖ್ಯೆಗಳು ಅನುಕ್ರಮವಾಗಿವೆ. ಒಂದೊಂದನ್ನೇ ಒತ್ತುತ್ತಾ ಹೋದರೆ ಯಾವ ಖಾತೆಗಳಿವೆ ಎಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಉಳಿಯುವುದು ಪಾಸ್‌ವರ್ಡ್ ಊಹಿಸುವ ಕೆಲಸ. ಮನೆತನದ ಹೆಸರಿನ ಮುಂದೆ 123 ಹಾಕುವವರಿರುವಾಗ ಅದೂ ಕಷ್ಟವಲ್ಲ. ಬಾಕಿಯ ಸಂದೇಶವಂತೂ ಪಾಸ್‌ವರ್ಡ್ ಇಲ್ಲದೆಯೇ ಪಕ್ಕದ ತೋಟದವರ ಸಾಲವನ್ನು ಬಯಲಿಗಿಡುತ್ತದೆ. ಇಲ್ಲಿ ನನಗೆ ದೂರದ ಹ್ಯಾಕರ್‌ಗಿಂತ ಬೇಲಿಯಾಚೆಯ ನೆಂಟರ ಭಯವೇ ಹೆಚ್ಚು.

ಎರಡನೆಯದು: ‘ಸದಸ್ಯ ಸಂಖ್ಯೆ ಅಥವಾ ಪಾಸ್‌ವರ್ಡ್ ಸರಿಯಿಲ್ಲ.’ ಜಾಲತಾಣಗಳ ಭದ್ರತೆಗೆ ಸಲಹೆ ನೀಡುವ ಓವಾಸ್ಪ್ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಆದರೆ ಮಾತು ಒಂದೇ ಆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಪಾಸ್‌ವರ್ಡ್ ಪರೀಕ್ಷಿಸಲು ಕಂಪ್ಯೂಟರ್ ಮಾಡುವ ಬಿಕ್ರಿಪ್ಟ್‌ನಂಥ ಲೆಕ್ಕವನ್ನು, ಊಹಿಸುವವರಿಗೆ ತಡವಾಗಲೆಂದು, ಬೇಕೆಂದೇ ನಿಧಾನವಾಗಿಸಿರುತ್ತಾರೆ. ಇಲ್ಲದ ಸಂಖ್ಯೆಗೆ ಆ ಲೆಕ್ಕವೇ ನಡೆಯದೆ ಉತ್ತರ ಥಟ್ಟನೆ ಬಂದರೆ, ಆ ಬೇಗವೇ ಚಾಡಿ ಹೇಳುತ್ತದೆ. ಅದಕ್ಕೇ ಇಲ್ಲದವರ ಹೆಸರಿನಲ್ಲೂ ಒಂದು ಹುಸಿ ಲೆಕ್ಕ ಮಾಡಿಸಬೇಕು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ 2018ರಲ್ಲಿ ಬೆಳಕಿಗೆ ಬಂದ ದೋಷವೂ ಬಳಕೆದಾರರ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಉತ್ತರದ ವ್ಯತ್ಯಾಸದಿಂದಲೇ ಬಿಟ್ಟುಕೊಡುತ್ತಿತ್ತು. ಭದ್ರತೆ ಸರಿ, ಆದರೆ ಕಚೇರಿಯ ಫೋನಿಗೆ ಬಿಡುವಿಲ್ಲ: “ಎರಡರಲ್ಲಿ ತಪ್ಪಿರುವುದು ಯಾವುದು ಮಾರಾಯ?”

ಈಗ ಉಳಿಸಿಕೊಂಡಿರುವುದು ಮೂರನೆಯದು. ಸಂದೇಶ ಎರಡನೆಯದೇ, ನೆರವು ಮಾತ್ರ ಅದರ ಸುತ್ತ ಇದೆ. ಒತ್ತಿದ ಪಾಸ್‌ವರ್ಡ್ ಕಾಣಿಸುವ ಕಣ್ಣಿನ ಗುರುತು, ‘ಸದಸ್ಯ ಸಂಖ್ಯೆ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿದೆ’ ಎಂಬ ಸಾಲು. ಪಾಸ್‌ವರ್ಡ್ ಮರೆತವರಿಗೆ ‘ಈ ಸಂಖ್ಯೆ ನಮ್ಮಲ್ಲಿದ್ದರೆ ನೋಂದಾಯಿತ ಮೊಬೈಲ್‌ಗೆ ಎಸ್‌ಎಂಎಸ್ ಬರುತ್ತದೆ’ ಎಂಬ ಉತ್ತರ, ಇದ್ದವರಿಗೂ ಇಲ್ಲದವರಿಗೂ ಅದೇ. ಬಾಕಿಯ ಕಾರಣ ಹೇಳುವುದು ಪಾಸ್‌ವರ್ಡ್ ಸರಿಯಾದ ಮೇಲಷ್ಟೇ.

ಹಲವು ಸಲ ತಪ್ಪಿದರೆ ಖಾತೆಗೇ ಬೀಗ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಆಗದವರ ಖಾತೆಯನ್ನು ಯಾರು ಬೇಕಾದರೂ ಮುಚ್ಚಿಸಬಹುದು. ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚಿಸುವುದೇ ವಾಸಿ, ಅದೂ ಇಲ್ಲದ ಸಂಖ್ಯೆಗಳಿಗೂ ಸೇರಿಸಿ. ಸತತ ವಿಫಲ ಯತ್ನಗಳಿಗೆ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನ ಮಾರ್ಗಸೂಚಿ ಹಾಕಿರುವ ಗರಿಷ್ಠ ಮಿತಿಯೇ 100; ಐದಕ್ಕೇ ಬೀಗ ಜಡಿಯುವ ಅವಸರವೇನು?

ಈ ಮೂರನೆಯದಕ್ಕೂ ಒಂದು ಕೊರತೆಯಿದೆ. ಜುಲೈ ಮಳೆಗೆ ಕರೆಂಟ್ ಹೋಗಿ ಟವರ್ ನಿಂತರೆ ಎಸ್‌ಎಂಎಸ್ ಬರುವುದಿಲ್ಲ. ಆಗ ಪಾಸ್‌ಬುಕ್ ಹಿಡಿದು ಕಚೇರಿಗೇ ಬರಬೇಕು. ಫೋನಿನಲ್ಲಿ ಕೇಳಿದವರಿಗೆ, ದನಿ ಎಷ್ಟೇ ಪರಿಚಿತವಾಗಿರಲಿ, ಪಾಸ್‌ವರ್ಡ್ ಬದಲಿಸಿಕೊಡಬೇಡಿ ಎಂದು ಗುಮಾಸ್ತರಿಗೆ ಹೇಳಿಟ್ಟಿದ್ದೇನೆ.