ಜೌಗಿನ ಕ್ಯಾಂಪೇನ್‌ಗೆ ಯಾವುದು: ನಾಗಿಣಿಯೋ, ಹಲ್ಲಿಮಂದಿಯೋ?

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡೋ ಆಟದ ಎರಡು ಮಾಡ್ಯೂಲ್‌ಗಳ (ಅಚ್ಚಾದ ಸಿದ್ಧ ಕಥೆಗಳ) ಗುಟ್ಟು ಪೂರ್ತಿ ಬಯಲಾಗುತ್ತದೆ. ನೀವು ಪ್ಲೇಯರ್ ಆಗಿದ್ದರೆ ಮುಂದೆ ಓದಬೇಡಿ, ನಿಮ್ಮ ಡಿಎಂ, ಅಂದರೆ ಆಟ ನಡೆಸೋರು, ನನ್ನನ್ನು ಬೈತಾರೆ.

ಜೌಗಿನಲ್ಲಿ ಒಂದು ಕ್ಯಾಂಪೇನ್, ಅಂದರೆ ಹಲವು ಸೆಷನ್ ಸಾಗೋ ಕಥೆ, ನಡೆಸಬೇಕು ಅಂತ ನನಗೆ ಮೊದಲಿಂದ ಆಸೆ. ಶುರುವಿಗೆ ನಾನೇ ಒಂದು ಹೆಕ್ಸ್ ಮ್ಯಾಪ್ (ಆರು ಮೂಲೆಯ ಮನೆಗಳ ನಕ್ಷೆ) ಬರೆದಿದ್ದೆ. ಒಂದು ಹೆಕ್ಸ್‌ಗೆ 6 ಮೈಲಿ. ಆಟದ ಐದನೇ ಆವೃತ್ತಿಯ 2014ರ ನಿಯಮದಲ್ಲಿ ದಿನಕ್ಕೆ 24 ಮೈಲಿ ನಡಿಗೆ, ಕೆಸರಿನಲ್ಲಿ ಅದರ ಅರ್ಧ. ಅಂದರೆ ದಿನಕ್ಕೆ ಎರಡೇ ಹೆಕ್ಸ್. ಕೆಸರು, ಮೊಸಳೆ, ಮತ್ತೆ ಕೆಸರು. ನಾಲ್ಕನೇ ಸೆಷನ್‌ಗೆ ಎಲ್ಲರೂ ಆಕಳಿಸಿದರು. ಅಷ್ಟೇ ಅದರ ಕಥೆ.

ಆಮೇಲೆ ಎರಡು ಗುಂಪಿಗೆ ಎರಡು ಹಳೇ ಮಾಡ್ಯೂಲ್ ಹಿಡಿದೆ. ಎರಡೂ 1982ರವು. ಒಂದು ‘ಅಗೇನ್ಸ್ಟ್ ದ ಕಲ್ಟ್ ಆಫ್ ದ ರೆಪ್ಟೈಲ್ ಗಾಡ್’, ಇನ್ನೊಂದು ‘ಡೇಂಜರ್ ಅಟ್ ಡನ್‌ವಾಟರ್’.

ಆರಂಭದ ವಿಷಯಕ್ಕೆ ಬಂದರೆ ಮೊದಲನೆಯದಕ್ಕೆ ಸಾಟಿಯಿಲ್ಲ. ಆರ್ಲೇನ್ ಅಂತ ಒಂದು ಹಳ್ಳಿ. ಜನ ಕಾಣೆಯಾಗ್ತಾರೆ, ಕೆಲವರು ವಾಪಸ್ ಬರ್ತಾರೆ, ಆದರೆ ಮೊದಲಿನವರಾಗಿ ಅಲ್ಲ. ಊರಲ್ಲಿ ಎರಡು ಇನ್ (ತಂಗೋ ಮನೆ). ‘ಗೋಲ್ಡನ್ ಗ್ರೇನ್’ ಅನ್ನೋ ಚೆಂದದ ಹೆಸರಿನದು ಇದಕ್ಕೆಲ್ಲ ಕಾರಣವಾದ ಕಲ್ಟ್‌ನ (ಗುಪ್ತ ಪಂಥದ) ಕೈಯಲ್ಲಿದೆ, ‘ಸ್ಲಂಬರಿಂಗ್ ಸರ್ಪೆಂಟ್’ ಅನ್ನೋದು ಸುರಕ್ಷಿತ. ನಮ್ಮವರು ಹಾವಿನ ಬೋರ್ಡ್ ನೋಡಿ, “ಇದೇ ಕಣೋ ಅವರ ಅಡ್ಡಾ” ಅಂತ ನೇರ ಗೋಲ್ಡನ್ ಗ್ರೇನ್‌ಗೆ ಹೋಗಿ ಮಲಗಿದರು. ಆ ರಾತ್ರಿಯ ಸೆಷನ್ ಮರೆಯೋ ಹಾಗಿಲ್ಲ.

ತೊಂದರೆ ಕೊನೆಯಲ್ಲಿ. ಜೌಗಿನೊಳಗೆ ಕೂತಿರೋ ಎಕ್ಸ್‌ಪ್ಲಿಕ್ಟಿಕಾ ಆ ಕಲ್ಟ್ ಪೂಜಿಸೋ ದೇವರು, ಒಬ್ಬ ಸ್ಪಿರಿಟ್ ನಾಗ, ಅಂದರೆ ಮಂತ್ರ ಬಲ್ಲ ದೊಡ್ಡ ಹಾವು. ಅವಳು ಸತ್ತರೆ ಕಥೆ ಮುಗೀತು, ಜೌಗಿಗೆ ಹೋಗೋಕೆ ಮತ್ತೆ ಕಾರಣವೇ ಇಲ್ಲ. ಹಾಗಾಗಿ ನಾನೊಂದು ಜಾಣತನ ಮಾಡಿದೆ. 2014ರ ನಿಯಮದಲ್ಲಿ ಈ ನಾಗ ಸತ್ತರೂ 1ರಿಂದ 6 ದಿನದೊಳಗೆ ಮತ್ತೆ ಜೀವ ಪಡೀತದೆ. ಅದನ್ನು ತಡೆಯೋದು ವಿಶ್ ಮಂತ್ರ ಒಂದೇ. ಡೈಸ್ ಹಾಕಿದೆ, 4 ಬಿತ್ತು. ನಾಲ್ಕು ದಿನ ಊರು ಹಬ್ಬ ಮಾಡಿತು, ಆಮೇಲೆ ಅವಳು ಎದ್ದಳು. ಕ್ಯಾಂಪೇನ್ ಬೆಳೀತು ಅಂತ ನಾನು ಬೀಗುತ್ತಿದ್ದೆ. ಟೇಬಲ್‌ನಲ್ಲಿ ಮಾತ್ರ ಮೌನ. ವಿಜರ್ಡ್ (ಮಂತ್ರವಾದಿ) ಪಾತ್ರ ಆಡುತ್ತಿದ್ದವನು ಸುಮ್ನೆ ಪಾತ್ರದ ಶೀಟ್ ಮಡಚಿಟ್ಟು, “ವಿಶ್ ಸಿಗೋದು 17ನೇ ಲೆವೆಲ್‌ಗೆ. ಹಾಗಾದ್ರೆ ನಾವು ಕೊಂದಿದ್ದು ಯಾತಕ್ಕೆ?” ಅಂದ. ತಪ್ಪು ನಂದೇ. ಮುಂದೆ ಮೂರು ಸೆಷನ್ ಕುಂಟಿತು, ನಿಂತಿತು.

ಡನ್‌ವಾಟರ್‌ನ ಆರಂಭ ಅಷ್ಟು ರುಚಿಯಿಲ್ಲ, ನಿಜ. ಸಾಲ್ಟ್‌ಮಾರ್ಷ್ ಊರಿನವರು, ಹಲ್ಲಿಮಂದಿ ಆಯುಧ ಕೂಡಿಡ್ತಿದ್ದಾರೆ, ನೋಡ್ಕೊಂಡು ಬನ್ನಿ ಅಂತ ಕಳಿಸ್ತಾರೆ. ಗುಹೆಯ ಮ್ಯಾಪ್ ಉದ್ದ, ಕೋಣೆಗಳು ಜಾಸ್ತಿ, ಅರ್ಧ ನಾನು ಹಾರಿಸಿದೆ. ಆದರೆ ಆ ಆಯುಧ ಊರಿನ ಮೇಲೆ ಅಲ್ಲ, ತಮ್ಮ ಮನೆ ಕಿತ್ತುಕೊಂಡ ಸಹುವಾಗಿನ್ ಅನ್ನೋ ಕಡಲ ಮೀನುಮಂದಿಯ ಮೇಲೆ ಅಂತ ಗೊತ್ತಾಗೋ ಹೊತ್ತಿಗೆ ನಮ್ಮವರು ಬಾಗಿಲಲ್ಲೇ ಇಬ್ಬರು ಕಾವಲುಗಾರರನ್ನು ಕಡಿದಾಗಿತ್ತು. ಈಗ ಏನು ಮಾಡ್ತೀರಿ? ನಾನು ಮುಖ್ಯಸ್ಥನ ಬಾಯಲ್ಲಿ ಒಂದೇ ಮಾತು ಆಡಿಸಿದೆ: “ಸತ್ತವರ ಪಾಳಿ ನೀವು ಕಾಯಿರಿ.” ಮಂಡಿಯುದ್ದ ಕೆಸರಿನಲ್ಲಿ, ದೀಪ ಹಚ್ಚದೆ, ಹತ್ತು ರಾತ್ರಿ. ಪಕ್ಕದಲ್ಲಿ ನಿಂತವಳು ಸತ್ತವನ ತಂಗಿ. ನನ್ನ ಹೆಕ್ಸ್ ಮ್ಯಾಪ್ ಕೊಡದ ಜೌಗು ಅಲ್ಲಿ ಸಿಕ್ಕಿತು.

ಕೆಲಸದ ಲೆಕ್ಕದಲ್ಲೂ ಇದೇ ಸಲೀಸು. 2019ರ ‘ಗೋಸ್ಟ್ಸ್ ಆಫ್ ಸಾಲ್ಟ್‌ಮಾರ್ಷ್’ನಲ್ಲಿ ಐದನೇ ಆವೃತ್ತಿಗೆ ಹೊಂದಿಸಿ ಕೊಟ್ಟಿದ್ದಾರೆ, ಮುಂದಿನ ಭಾಗವೂ ಅದರಲ್ಲೇ ಇದೆ. ಆರ್ಲೇನ್‌ನಲ್ಲಿ ಎಲ್ಲಾ ನಾನೇ ತಿದ್ದಬೇಕಾಯಿತು. ಮೂಲದಲ್ಲಿ ಅದು 1ರಿಂದ 3ನೇ ಲೆವೆಲ್‌ನವರಿಗೆ. ಹೊಸ ನಿಯಮದ ಸ್ಪಿರಿಟ್ ನಾಗದ ಚಾಲೆಂಜ್ ರೇಟಿಂಗೇ (ಎದುರಾಳಿಯ ಬಲದ ಅಂಕ) 8!

ನಾಲ್ಕೈದು ಸೆಷನ್ ಸಾಕು ಅನ್ನೋರಿಗೆ ಕಣ್ಣು ಮುಚ್ಚಿ ಆರ್ಲೇನ್ ಅಂತೀನಿ. ವರ್ಷಗಟ್ಟಲೆ ಆಡೋರಿಗೆ ಡನ್‌ವಾಟರ್. ನನ್ನ ಎರಡನೇ ಗುಂಪು ಈಗಲೂ ಆಡುತ್ತಿದೆ. ಹೋದ ಸೆಷನ್‌ನಲ್ಲಿ ಎಕ್ಸ್‌ಪ್ಲಿಕ್ಟಿಕಾಳನ್ನೂ ಹೊಳೆಯ ಮೇಲ್ಭಾಗದಲ್ಲಿ ತಂದು ಕೂರಿಸಿದೆ. ಈ ಸಲ ಆ ತಂಗಿಯೇ ಮೊದಲು ಹೇಳಿದಳು: “ಅವಳನ್ನು ನಾವು ಮೂರು ಸಲ ಕೊಂದಿದ್ದೀವಿ.”